ಮೆಚ್ಚಿದ ಹೂವೆಲ್ಲ ನಮ್ಮದಾಗಬೇಕೇ?

ಹೂವನ್ನು ನೋಡಿ ಸಂತೋಷಪಡುವುದು ಒಂದು. ಅದು ನನ್ನ ಮನೆಯಲ್ಲೇ ಇರಬೇಕೆಂದು ಹಟ ಹಿಡಿಯುವುದು ಇನ್ನೊಂದು. ಮೊದಲನೆಯದು ಎಲ್ಲಿ ಮುಗಿಯುತ್ತದೆ, ಎರಡನೆಯದು ಎಲ್ಲಿ ಶುರುವಾಗುತ್ತದೆ? ಪ್ರಿಯ ಓದುಗರೇ, ಇದು ಹೂವಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಮನುಷ್ಯ ಮೆಚ್ಚುವ ಎಲ್ಲದಕ್ಕೂ ಇದು ಅನ್ವಯಿಸುತ್ತದೆ. ಆದರೂ ಈ ವಾರ ಇದನ್ನು ಒಂದು ಹೂವಿನ ಮೂಲಕವೇ ಯೋಚಿಸೋಣ. ಆ ಹೂವು ಆರ್ಕಿಡ್.

ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳ ಜಗಲಿಯಲ್ಲಿ ಇಂದು ಆರ್ಕಿಡ್ ಗಿಡಗಳು ತೂಗಾಡುತ್ತವೆ. ತೆಂಗಿನ ಸಿಪ್ಪೆಯಲ್ಲೋ, ಇದ್ದಿಲು ಮತ್ತು ಹೆಂಚಿನ ಚೂರು ತುಂಬಿದ ತೂತಿನ ಕುಂಡದಲ್ಲೋ ಅವನ್ನು ಬೆಳೆಸುತ್ತಾರೆ. ಬೆಳಿಗ್ಗೆ ಎದ್ದು ನೀರು ಚಿಮುಕಿಸುವುದು, ಹೊಸ ಬೇರು ಬಂತೇ ಎಂದು ನೋಡುವುದು, ಮೊಗ್ಗು ಕಾಣಿಸಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸುವುದು, ಇವೆಲ್ಲ ಒಳ್ಳೆಯ ಸಂತೋಷಗಳು. ನಿವೃತ್ತರಾದವರಿಗೆ ಇದು ಮನಸ್ಸಿಗೆ ಹಿತವಾದ ಕೆಲಸ, ಮಕ್ಕಳಿಗೆ ತಾಳ್ಮೆಯ ಪಾಠ. ಮದುವೆಯ ದಿನ ನಮ್ಮ ದೇವಾಲಯಗಳಲ್ಲಿ ಬಲಿಪೀಠದ ಮುಂದೆ ಜೋಡಿಸುವ ನೇರಳೆ, ಬಿಳಿ ಬಣ್ಣದ ಆರ್ಕಿಡ್ ಹೂಗಳೂ ಹೆಚ್ಚಾಗಿ ತೋಟಗಳಲ್ಲಿ ಬೆಳೆದ ಡೆಂಡ್ರೋಬಿಯಂ ಮಿಶ್ರತಳಿಗಳೇ. ಇವುಗಳ ಬಗ್ಗೆ ಯಾರ ತಕರಾರೂ ಇರಬೇಕಾಗಿಲ್ಲ.

ತಕರಾರು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಗಿಡ ಇದ್ದವರಿಗೆ ಹತ್ತು ಬೇಕೆನಿಸುತ್ತದೆ. ಹತ್ತು ಇದ್ದವರಿಗೆ ಬೇರೆ ಯಾರ ಮನೆಯಲ್ಲೂ ಇಲ್ಲದ ಒಂದು ಬೇಕೆನಿಸುತ್ತದೆ. ನರ್ಸರಿಯ ಮಿಶ್ರತಳಿಗಳು ಸಪ್ಪೆಯೆನಿಸಿ, ಮನಸ್ಸು ಕಾಡಿನ ಮೂಲ ಜಾತಿಗಳ ಕಡೆಗೆ ಹೊರಳುತ್ತದೆ. ಘಟ್ಟದ ದಾರಿಯಲ್ಲಿ ಹಳೆಯ ಮರದ ಕೊಂಬೆಯಿಂದ ಸೀತಾಳೆದಂಡೆ ಇಳಿಬಿದ್ದಿರುವುದು ಕಂಡರೆ ಕಾರು ನಿಲ್ಲುತ್ತದೆ. ಡ್ರೈವರನನ್ನೋ, ಪಕ್ಕದ ತೋಟದ ಆಳನ್ನೋ ಮರ ಹತ್ತಿಸಲಾಗುತ್ತದೆ. ಹತ್ತು ನಿಮಿಷದಲ್ಲಿ ಗಿಡ ಡಿಕ್ಕಿಯೊಳಗೆ ಸೇರುತ್ತದೆ. ಕಳ್ಳತನ ಮಾಡಿದ್ದೇನೆಂದು ಆ ಹೊತ್ತಿನಲ್ಲಿ ಯಾರಿಗೂ ಅನಿಸುವುದಿಲ್ಲ. "ಪ್ರೀತಿಯಿಂದ ತಂದೆ" ಎಂದೇ ಹೇಳುತ್ತಾರೆ. ಆ ಮಾತು ಸುಳ್ಳೂ ಅಲ್ಲ. ಪ್ರಶ್ನೆ ಕಷ್ಟವಾಗುವುದು ಇಲ್ಲಿಯೇ. ಪ್ರೀತಿಯಿಂದ ಮಾಡಿದ್ದೆಲ್ಲ ಸರಿಯಾಗುತ್ತದೆಯೇ?

ಮರದ ಮೇಲಿನ ಅತಿಥಿ

ಉತ್ತರ ಹುಡುಕುವ ಮೊದಲು ಈ ಗಿಡ ಬದುಕುವ ಬಗೆಯನ್ನು ತಿಳಿದುಕೊಳ್ಳೋಣ. ಲೋಕದಲ್ಲಿ ಸುಮಾರು 28,000 ಆರ್ಕಿಡ್ ಜಾತಿಗಳಿವೆ. ಹೆಚ್ಚಿನವು ಉಷ್ಣವಲಯದವು. ಅವುಗಳಲ್ಲಿಯೂ ಬಹುಪಾಲು ಮರಗಳ ಮೇಲೆ ವಾಸಿಸುವಂಥವು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನಮ್ಮ ದೇಶದಲ್ಲಿ 1256 ಬಗೆಯ ಆರ್ಕಿಡ್‌ಗಳಿವೆ. ಅವುಗಳಲ್ಲಿ 388 ಬಗೆಗಳು ಭಾರತ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಈ 388ರಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ಪಶ್ಚಿಮ ಘಟ್ಟದಲ್ಲಿವೆ.

ಮರದ ಮೇಲಿರುವುದರಿಂದ ಅನೇಕರು ಆರ್ಕಿಡನ್ನು ಬದನಿಕೆಯೆಂದು ತಪ್ಪು ತಿಳಿಯುತ್ತಾರೆ. ಬದನಿಕೆ ಮರದೊಳಕ್ಕೆ ಬೇರಿಳಿಸಿ ಅದರ ರಸ ಹೀರುತ್ತದೆ. ಆರ್ಕಿಡ್ ಹಾಗಲ್ಲ. ಅದು ಮರದಿಂದ ಪಡೆಯುವುದು ನಿಲ್ಲಲು ಒಂದಿಷ್ಟು ಜಾಗ ಮಾತ್ರ. ಅದರ ಬೇರಿನ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆ ಇರುತ್ತದೆ. ಮಳೆ ಬಿದ್ದ ಕ್ಷಣ ಆ ಹೊದಿಕೆ ನೀರನ್ನು ಹೀರಿಟ್ಟುಕೊಳ್ಳುತ್ತದೆ. ತೊಗಟೆಯ ಮೇಲೆ ಹರಿದುಬರುವ ಮಳೆನೀರು, ಕೊಂಬೆಯ ಸಂದಿನಲ್ಲಿ ಕೊಳೆಯುವ ತರಗೆಲೆ, ಗಾಳಿ ತಂದ ದೂಳು, ಇಷ್ಟರಲ್ಲೇ ಅದರ ಸಂಸಾರ. ಯಾರಿಗೂ ಭಾರವಾಗದೆ ಬದುಕುವ ಅತಿಥಿ ಅದು.

ಆದರೆ ಆ ಅತಿಥಿಯ ನಂಟು ಬಹಳ ಸೂಕ್ಷ್ಮವಾದದ್ದು. ಆರ್ಕಿಡ್‌ನ ಒಂದೊಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಹಿಟ್ಟಿನಂತೆ ಸಣ್ಣ ಬೀಜಗಳವು. ಭತ್ತದಲ್ಲಿ ಅಕ್ಕಿಯಿರುವಂತೆ, ತೆಂಗಿನಲ್ಲಿ ತಿರುಳಿರುವಂತೆ, ಮೊಳಕೆಗೆ ಬೇಕಾದ ಆಹಾರ ಆ ಬೀಜದಲ್ಲಿ ಇರುವುದಿಲ್ಲ. ತೊಗಟೆಯಲ್ಲೋ ಮಣ್ಣಿನಲ್ಲೋ ಇರುವ ಒಂದು ಬಗೆಯ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಫ್ರಾನ್ಸಿನ ವಿಜ್ಞಾನಿ ನೋಯೆಲ್ ಬೆರ್ನಾರ್ 1899ರಲ್ಲಿ ಈ ಗುಟ್ಟನ್ನು ಕಂಡುಹಿಡಿದರು. ಇನ್ನು ಹೂವು ಕಾಯಾಗಬೇಕಾದರೆ ಅದರ ಆಕಾರಕ್ಕೆ ಒಪ್ಪುವ ಜೇನೋ ಪತಂಗವೋ ಬರಬೇಕು. ಎಷ್ಟೋ ಜಾತಿಗಳಿಗೆ ಎಲ್ಲ ಕೀಟಗಳೂ ಆಗುವುದಿಲ್ಲ.

ಈಗ ಆ ಗಿಡವನ್ನು ಕಿತ್ತು ಪಟ್ಟಣದ ಮನೆಯ ಬಾಲ್ಕನಿಗೆ ತಂದರೆ ಏನಾಗುತ್ತದೆ? ತೊಗಟೆಗೆ ಅಂಟಿಕೊಂಡ ಬೇರುಗಳು ಕೀಳುವಾಗಲೇ ಹರಿಯುತ್ತವೆ. ಅನೇಕ ಗಿಡಗಳು ಒಂದೆರಡು ವರ್ಷದಲ್ಲೇ ಸೊರಗಿ ಸಾಯುತ್ತವೆ. ಒಳ್ಳೆಯ ಆರೈಕೆಯಿಂದ ಬದುಕಿತೆಂದೇ ಇಟ್ಟುಕೊಳ್ಳಿ. ಹೂವೂ ಬಿಟ್ಟಿತು. ಆದರೆ ಅದನ್ನು ಬಲ್ಲ ಜೇನು ಅಲ್ಲಿಲ್ಲ. ಬೀಜ ಕಟ್ಟಿದರೂ ಅದನ್ನು ಉಣಿಸುವ ಶಿಲೀಂಧ್ರ ಅಲ್ಲಿಲ್ಲ. ಗಿಡ ಬದುಕಿದೆ, ಅದರ ಕುಲ ಅಲ್ಲಿಗೆ ನಿಂತಿದೆ. ಕಾಡಿನ ಲೆಕ್ಕದಲ್ಲಿ ಅದು ಸತ್ತ ಹಾಗೆಯೇ. ನಮ್ಮ ಆರೈಕೆ ಎಷ್ಟೇ ಪ್ರಾಮಾಣಿಕವಾಗಿರಲಿ, ನಾವು ಕಿತ್ತುಕೊಂಡದ್ದೆಲ್ಲವನ್ನೂ ಅದಕ್ಕೆ ಮರಳಿ ಕೊಡಲಾರೆವು. ಇದು ಈ ವಿಷಯದಲ್ಲಿ ನಾವು ಮೊದಲು ಒಪ್ಪಿಕೊಳ್ಳಬೇಕಾದ ಸತ್ಯ.

ಪ್ರೀತಿಸಿದವರೇ ಬರಿದು ಮಾಡಿದರು

ಆರ್ಕಿಡ್‌ಗಳ ಚರಿತ್ರೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಅವುಗಳಿಗೆ ಕೇಡು ಮಾಡಿದವರಲ್ಲಿ ಅವುಗಳನ್ನು ದ್ವೇಷಿಸಿದವರು ಯಾರೂ ಇಲ್ಲ. ಕಾಡು ಕಡಿದವರ ಮಾತು ಬೇರೆ. ಅವರು ಗಿಡವನ್ನು ಗಮನಿಸಲೇ ಇಲ್ಲ. ಆರಿಸಿ, ಹುಡುಕಿ, ಬೆನ್ನಟ್ಟಿ ಮುಗಿಸಿದವರು ಅದನ್ನು ಮೆಚ್ಚಿದವರೇ.

ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ನೀಲಿ ವಾಂಡಾ ಎಂಬ ಅಪರೂಪದ ಆರ್ಕಿಡ್ ಇದೆ. 1850ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆಂದು ಏಳು ಆಳುಗಳು ಹೊರುವಷ್ಟು ಗಿಡಗಳನ್ನು ಕೀಳಿಸಿದರು. ದಾರಿಯ ಅಡಚಣೆಗಳಿಂದಾಗಿ ಜೀವಂತ ತಲುಪಿದ್ದು ಕೆಲವೇ ಗಿಡಗಳು. ಅದೇ ಜಾಗಕ್ಕೆ ತನ್ನ ಮಾಲಿಯನ್ನು ಜೊತೆಗೆ ಕಳಿಸಿದ ಇನ್ನೊಬ್ಬ ಮಹನೀಯ ಒಂದು ಆಳುಹೊರೆಯಷ್ಟು ಗಿಡಗಳನ್ನು ಇಂಗ್ಲೆಂಡಿಗೆ ಸಾಗಿಸಿದ. ಅವು ಬಾಡಿಹೋಗಿದ್ದರೂ 300 ಪೌಂಡಿಗೆ ಮಾರಾಟವಾದವು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಇದನ್ನೆಲ್ಲ ಬರೆದಿಟ್ಟವರು ಸ್ವತಃ ಹೂಕರ್. ಅವರು ದುಷ್ಟರಲ್ಲ. ಹಿಮಾಲಯದ ಸಸ್ಯಸಂಪತ್ತನ್ನು ಲೋಕಕ್ಕೆ ಪರಿಚಯಿಸಿದ ದೊಡ್ಡ ವಿದ್ವಾಂಸರು. ಒಳ್ಳೆಯವರ ಕೈಯಿಂದಲೂ ಇಂಥದ್ದು ನಡೆಯುತ್ತದೆ ಎಂಬುದಕ್ಕಾಗಿಯೇ ಈ ಮಾತನ್ನು ನೆನೆಯಬೇಕು.

ನಮಗೆ ಹತ್ತಿರದ ಉದಾಹರಣೆಯೂ ಇದೆ. ಕೇರಳ, ತಮಿಳುನಾಡುಗಳ ಗಡಿಯ ಅಗಸ್ತ್ಯಮಲೆಯಲ್ಲಿ ಹಳದಿ ಬಣ್ಣದ ಒಂದು ಪಾದರಕ್ಷೆ ಆರ್ಕಿಡ್ ಬೆಳೆಯುತ್ತದೆ. ಹೂವಿನ ಒಂದು ಎಸಳು ಪುಟ್ಟ ಚಪ್ಪಲಿಯ ಮುಂಭಾಗದಂತೆ ಇರುವುದರಿಂದ ಈ ಗುಂಪಿಗೆ ಆ ಹೆಸರು. ದಕ್ಷಿಣ ಭಾರತದಲ್ಲಿ ಈ ಗುಂಪಿನ ಜಾತಿ ಇದೊಂದೇ. 1865ರಲ್ಲಿ ಕರ್ನಲ್ ಡ್ರೂರಿ ಎಂಬುವರ ಕಣ್ಣಿಗೆ ಬಿತ್ತು. ಅವರ ಹೆಸರೇ ಅದಕ್ಕೆ ನಿಂತಿತು. ಸಂಗ್ರಹಕಾರರು ಮುಗಿಬಿದ್ದು ಕಿತ್ತದ್ದರಿಂದ, ಕಾಳ್ಗಿಚ್ಚಿನಿಂದ ಅದು ಕಾಡಿನಲ್ಲಿ ಅಳಿವಿನ ಅಂಚಿಗೆ ಬಂತು. ತಿರುವನಂತಪುರದ ಬಳಿಯ ಪಾಲೋಡಿನಲ್ಲಿರುವ ಉಷ್ಣವಲಯದ ಸಸ್ಯೋದ್ಯಾನದ ವಿಜ್ಞಾನಿಗಳು ಅದನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಿ ಮತ್ತೆ ಬೆಟ್ಟಕ್ಕೆ ಸೇರಿಸಲು ಶ್ರಮಪಟ್ಟಿದ್ದಾರೆ. ಕೀಳಲು ಬೇಕಾದದ್ದು ಒಂದು ಗಳಿಗೆ. ಮರಳಿ ನೆಡಲು ಬೇಕಾಗುವುದು ಎಷ್ಟೋ ವರ್ಷಗಳ ದುಡಿಮೆ.

ಇನ್ನೊಂದು ಉದಾಹರಣೆ ನಮ್ಮ ವಿಶ್ವಾಸಕ್ಕೇ ಹತ್ತಿರವಾದದ್ದು. ಮಧ್ಯ ಅಮೆರಿಕದ ಪನಾಮಾ ದೇಶದ ರಾಷ್ಟ್ರೀಯ ಹೂವು ಒಂದು ಬಿಳಿಯ ಆರ್ಕಿಡ್. ಅದರ ಒಳಗೆ ನೋಡಿದರೆ ರೆಕ್ಕೆ ಬಿಚ್ಚಿ ಕುಳಿತ ಪುಟ್ಟ ಪಾರಿವಾಳ ಕಂಡಂತಾಗುತ್ತದೆ. ಅದಕ್ಕೇ ಅಲ್ಲಿಯ ಕಥೋಲಿಕ ಜನ ಅದನ್ನು ಪವಿತ್ರಾತ್ಮರ ಹೂವೆಂದು ಕರೆದರು. ಅದರ ಅಂದದ ಮತ್ತು ಹೆಸರಿನ ಸೆಳೆತಕ್ಕೆ ಜನ ಕಾಡಿಗೆ ಹೋಗಿ ಗೆಡ್ಡೆ ಸಮೇತ ಅಗೆದು ತಂದರು, ಮಾರಿದರು. ಇಂದು ಅದು ಕಾಡಿನಲ್ಲಿ ಅಪರೂಪ. ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅತ್ಯಂತ ಕಟ್ಟುನಿಟ್ಟಾದ ರಕ್ಷಣೆಯ ಪಟ್ಟಿಗೆ ಸೇರಿದೆ. ಪವಿತ್ರವೆಂದು ಕರೆದರೆ ಸಾಲದು, ಮುಟ್ಟದೆ ಬಿಡುವ ಸಂಯಮವೂ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಾಲ್ಕು ಸಮಜಾಯಿಷಿಗಳು

ಕಾಡಿನ ಗಿಡ ಮನೆಗೆ ತಂದವರನ್ನು ಕೇಳಿದರೆ ಸಾಮಾನ್ಯವಾಗಿ ನಾಲ್ಕು ಉತ್ತರಗಳು ಬರುತ್ತವೆ. ಅವುಗಳನ್ನು ನಗೆಯಾಡಿ ತಳ್ಳಿಬಿಡುವುದು ನ್ಯಾಯವಲ್ಲ. ಒಂದೊಂದಾಗಿ ತೂಗಿ ನೋಡೋಣ.

"ಒಂದೇ ಗಿಡ ತಾನೇ?" ಇದು ಮೊದಲನೆಯದು. ಹೂಕರ್ ಕೀಳಿಸಿದ ಏಳು ಹೊರೆಯಲ್ಲಿ ಇದ್ದದ್ದೂ ಒಂದೊಂದೇ ಗಿಡ. ಕೀಳುವ ಪ್ರತಿಯೊಬ್ಬರೂ ತಮ್ಮದನ್ನು ಮಾತ್ರ ಲೆಕ್ಕ ಹಾಕುತ್ತಾರೆ, ಹಿಂದಿನವರದನ್ನೂ ಮುಂದಿನವರದನ್ನೂ ಬಿಟ್ಟುಬಿಡುತ್ತಾರೆ. ಅದೂ ಅಲ್ಲದೆ, ನಾವು ಆರಿಸುವುದು ಚೆನ್ನಾಗಿ ಹೂ ಬಿಟ್ಟ ದೊಡ್ಡ ಗಿಡವನ್ನೇ. ಬೀಜದಿಂದ ಹುಟ್ಟಿದ ಆರ್ಕಿಡ್ ಮೊದಲ ಹೂ ಬಿಡಲು ಎಷ್ಟೋ ಜಾತಿಗಳಲ್ಲಿ ನಾಲ್ಕೈದು ವರ್ಷ, ಕೆಲವದರಲ್ಲಿ ಅದಕ್ಕಿಂತ ಹೆಚ್ಚು ಕಾಲ ಬೇಕು. ಆ ಮರದ ಮೇಲಿನ ತಾಯಿಯನ್ನೇ ಎತ್ತಿಕೊಂಡು ಬಂದ ಮೇಲೆ ಒಂದೇ ಎನ್ನುವ ಮಾತಿಗೆ ಅರ್ಥವಿಲ್ಲ.

"ನಾನು ತೆಗೆಯದಿದ್ದರೆ ಇನ್ನೊಬ್ಬ ತೆಗೆಯುತ್ತಾನೆ." ಇದು ಎರಡನೆಯದು. ಇರಬಹುದು. ಆದರೆ ಇನ್ನೊಬ್ಬ ಮಾಡಬಹುದಾದ ತಪ್ಪು ನನ್ನ ತಪ್ಪಿಗೆ ಅನುಮತಿಪತ್ರವಾಗುವುದು ಹೇಗೆ? ಈ ತರ್ಕವನ್ನು ಹಿಡಿದರೆ ಲಂಚ ತೆಗೆದುಕೊಳ್ಳುವವನೂ ನಿರಪರಾಧಿಯೇ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ನಕಲು ಮಾಡಿ ಬಂದು ಇದೇ ಮಾತು ಹೇಳಿದರೆ ನಾವು ಒಪ್ಪುತ್ತೇವೆಯೇ?

"ನಾನು ಕಿತ್ತಿಲ್ಲ, ದುಡ್ಡು ಕೊಟ್ಟು ಕೊಂಡಿದ್ದೇನೆ." ಇದು ಮೂರನೆಯದು. 2002ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಅಲ್ಲಿಯ ಒಂದು ರಸ್ತೆಬದಿಯ ಅಂಗಡಿಯಲ್ಲಿ ಅದುವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ದೊಡ್ಡ ನೇರಳೆ ಹೂವಿನ ಪಾದರಕ್ಷೆ ಆರ್ಕಿಡ್ ಒಂದು ಮಾರಾಟಕ್ಕಿತ್ತು. ಅಮೆರಿಕದ ಒಬ್ಬ ಬೆಳೆಗಾರ ಅದನ್ನು ಅಲ್ಪ ಹಣಕ್ಕೆ ಕೊಂಡು, ಬೇಕಾದ ಪರವಾನಗಿಯಿಲ್ಲದೆ ತನ್ನ ದೇಶಕ್ಕೆ ಒಯ್ದ. ಹೊಸ ಜಾತಿಯೆಂಬ ಸುದ್ದಿ ಹಬ್ಬಿದ್ದೇ ತಡ, ಗಿಡ ಬೆಳೆಯುತ್ತಿದ್ದ ಜಾಗಕ್ಕೆ ಜನ ನುಗ್ಗಿ ಬರಿದು ಮಾಡಿದರು. ಕೊಂಡವನಿಗೆ 2004ರಲ್ಲಿ ಅಮೆರಿಕದ ನ್ಯಾಯಾಲಯ ದಂಡವನ್ನೂ ಎರಡು ವರ್ಷಗಳ ನಿಗಾವನ್ನೂ ವಿಧಿಸಿತು. ಕೊಳ್ಳುವವರು ಇಲ್ಲದಿದ್ದರೆ ಆ ಗಿಡಗಳನ್ನು ಯಾರೂ ಕೀಳುತ್ತಿರಲಿಲ್ಲ. ಕಾಡಿನಂಚಿನ ಬಡವ ಹೊಟ್ಟೆಪಾಡಿಗಾಗಿ ಕೀಳುತ್ತಾನೆ. ಅವನ ಕೈಗೆ ಸಿಗುವುದು ಕೆಲವೇ ಕಾಸು. ಅವನನ್ನು ಬೈದು ನಾವು ಶುದ್ಧರಾಗುವಂತಿಲ್ಲ. ಕದ್ದ ಮಾಲನ್ನು ತಿಳಿದೂ ಕೊಳ್ಳುವವನಿಗೆ ಕಳ್ಳತನದಲ್ಲಿ ಪಾಲಿದೆಯೆಂದು ನಾವು ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ.

ಪೆರುವಿನ ಕಥೆಗೆ ಒಳ್ಳೆಯ ಮುಂದುವರಿಕೆಯೂ ಇದೆ. ಅಲ್ಲಿಯ ಸರಕಾರ ಪರವಾನಗಿ ಪಡೆದ ನರ್ಸರಿಗಳಿಗೆ ಕೆಲವೇ ಗಿಡಗಳನ್ನು ತೆಗೆಯಲು ಅನುಮತಿ ಕೊಟ್ಟಿತು. ಅವರು ಬೀಜದಿಂದ ಸಸಿ ಮಾಡಿದರು. ಕೆಲವು ವರ್ಷ ಕಾಯುವ ತಾಳ್ಮೆ ಇದ್ದವರಿಗೆ ಅದೇ ಹೂವು ನ್ಯಾಯವಾದ ದಾರಿಯಲ್ಲೇ ಸಿಕ್ಕಿತು.

ನಾಲ್ಕನೆಯ ಉತ್ತರವೇ ಎಲ್ಲಕ್ಕಿಂತ ಗಟ್ಟಿಯಾದದ್ದು. "ಕಾಡು ಹೇಗೂ ಹಾಳಾಗುತ್ತಿದೆ. ನಾನು ಇದನ್ನು ಉಳಿಸಿದ್ದೇನೆ." ಇದರಲ್ಲಿ ನಿಜವಿದೆ. ರಸ್ತೆ ಅಗಲ ಮಾಡುವಾಗ ಹಳೆಯ ಸಾಲುಮರಗಳು ಉರುಳುತ್ತವೆ. ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಆರ್ಕಿಡ್ ಇರುವ ಕೊಂಬೆಗಳೂ ನೆಲಕ್ಕೆ ಬೀಳುತ್ತವೆ. ಮಳೆಗಾಲದ ಗಾಳಿಗೆ ಮುರಿದ ಕೊಂಬೆಯೊಡನೆ ಗಿಡ ಕೆಸರಿನಲ್ಲಿ ಕೊಳೆಯುವುದನ್ನು ನೋಡುತ್ತ ಸುಮ್ಮನಿರಬೇಕೆಂದು ಯಾವ ನೀತಿಯೂ ಹೇಳುವುದಿಲ್ಲ. ಅಲ್ಲಿ ಕೈ ಚಾಚುವುದು ದಯೆಯ ಕೆಲಸವೇ.

ಆದರೆ ಆ ದಯೆಗೆ ಒಂದು ಪರೀಕ್ಷೆ ಇದೆ. ನಾನು ಉಳಿಸಿದ್ದು ಗಿಡಕ್ಕಾಗಿಯೋ, ನನಗಾಗಿಯೋ? ಗಿಡಕ್ಕಾಗಿ ಎಂದಾದರೆ, ಅದನ್ನು ಸಾಧ್ಯವಾದಷ್ಟು ಹತ್ತಿರದ ಇನ್ನೊಂದು ಮರಕ್ಕೇ ಕಟ್ಟಬಹುದಲ್ಲವೇ? ತೋಟದ ಯಜಮಾನರನ್ನು ಕೇಳಿ, ಸರಕಾರಿ ಜಾಗವಾದರೆ ಅರಣ್ಯ ಇಲಾಖೆಯವರನ್ನು ಕೇಳಿ, ಮಳೆ ಶುರುವಾಗುವ ಹೊತ್ತಿಗೆ ಒರಟು ತೊಗಟೆಯ ಮಾವಿಗೋ ಹಲಸಿಗೋ ಬೇರು ತಾಗುವಂತೆ ಹತ್ತಿಯ ದಾರದಿಂದಲೋ ನಾರಿನ ಹುರಿಯಿಂದಲೋ ಕಟ್ಟಿದರೆ ಸಾಕು. ದಾರ ಲಡ್ಡಾಗಿ ಬೀಳುವಷ್ಟರಲ್ಲಿ ಹೊಸ ಬೇರು ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಜಗಲಿಯಲ್ಲಿ ಅರಳದೆ ಬೇರೆಯವರ ಮರದ ಮೇಲೆ ಅರಳಿದ ಆ ಹೂವನ್ನು ಕಂಡು ನಮಗೆ ಅಷ್ಟೇ ಸಂತೋಷವಾಗುತ್ತದೆಯೇ? ಆಗುವುದಾದರೆ ನಾವು ಉಳಿಸಿದವರು. ಆಗುವುದಿಲ್ಲವಾದರೆ, ಉಳಿಸುವ ಹೆಸರಿನಲ್ಲಿ ಪಡೆದವರು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿ ತಂದಾಗ ವಿಶೇಷ ರಕ್ಷಣೆಗೆಂದು ಸೇರಿಸಿದ ಆರು ಹೆಸರುಗಳಲ್ಲಿ ಮೂರು ಆರ್ಕಿಡ್‌ಗಳವೇ: ನೀಲಿ ವಾಂಡಾ, ಕೆಂಪು ವಾಂಡಾ ಮತ್ತು ಪಾದರಕ್ಷೆ ಆರ್ಕಿಡ್‌ಗಳು. 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಡೀ ಆರ್ಕಿಡ್ ಕುಟುಂಬದ ವ್ಯಾಪಾರದ ಮೇಲೆ ಹಿಡಿತವಿಟ್ಟಿದೆ. ಆದರೆ ಕಾನೂನು ಕಾಣುವುದು ಚೆಕ್‌ಪೋಸ್ಟಿನವರೆಗೆ ಮಾತ್ರ. ಅದರಾಚೆಗೆ ನೋಡಿಕೊಳ್ಳಬೇಕಾದದ್ದು ನಮ್ಮ ಮನಸ್ಸಾಕ್ಷಿಯೇ.

ಸಂಗ್ರಹಿಸಿದ ಗುರುಗಳು

"ಹಾಗಾದರೆ ಗಿಡ ಸಂಗ್ರಹಿಸುವುದೇ ತಪ್ಪೇ?" ಎಂದು ಕೇಳಬಹುದು. ಅಲ್ಲ. ನಮ್ಮ ಧರ್ಮಸಭೆಯ ಗುರುಗಳಲ್ಲೇ ದೊಡ್ಡ ಸಂಗ್ರಹಕಾರರು ಇದ್ದರು. 17ನೆಯ ಶತಮಾನದಲ್ಲಿ ಕೇರಳದಲ್ಲಿದ್ದ ಇಟಲಿಯ ಕಾರ್ಮೆಲ್ ಸಭೆಯ ಗುರು ಮತ್ತಾಯಿಯವರು ‘ಹೊರ್ತುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳ ಸಸ್ಯಗ್ರಂಥಕ್ಕೆ ಮೊದಲ ದಿನಗಳಲ್ಲಿ ನೆರವಾದರು. 1678ರಿಂದ 1693ರವರೆಗೆ ಪ್ರಕಟವಾದ ಆ ಗ್ರಂಥದ ಕೊನೆಯ ಸಂಪುಟದಲ್ಲಿ ಮಲಬಾರಿನ ಆರ್ಕಿಡ್‌ಗಳಿವೆ. ಅಲ್ಲಿ ಅವುಗಳನ್ನು ಮಲೆಯಾಳದ ಹೆಸರಿನಿಂದ ಮರವಾಳೆ, ಅಂದರೆ ಮರದ ಬಾಳೆ, ಎಂದು ಕರೆಯಲಾಗಿದೆ. ಒಂದು ಆರ್ಕಿಡ್‌ನ ಹೆಸರು ಅಂಜಿಲಿ ಮರವಾಳೆ. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. ಗಿಡವನ್ನು ಅದು ನಿಂತ ಮರದ ಹೆಸರಿನಿಂದಲೇ ಗುರುತಿಸಿದ ಹಳ್ಳಿಗರ ಬುದ್ಧಿ ಎಷ್ಟು ದೊಡ್ಡದು! ಅವರಿಗೆ ಗಿಡ ಬೇರೆ, ಅದರ ಮನೆ ಬೇರೆ ಆಗಿರಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದಲ್ಲಿ, ಯೇಸುಸಭೆಯ ಗುರು ಎರ್ಮೆನೆಗಿಲ್ದ್ ಸಂತಪಾವು ಅವರು ಸ್ಪೇನಿನಲ್ಲಿ ಹುಟ್ಟಿ ಭಾರತೀಯರಾಗಿ, ಭಾರತೀಯ ಸಸ್ಯ ಸರ್ವೇಕ್ಷಣದ ನಿರ್ದೇಶಕರಾಗಿದ್ದರು. ಮುಂಬಯಿ ಪ್ರಾಂತ್ಯದ ಆರ್ಕಿಡ್‌ಗಳ ಬಗ್ಗೆ ಅವರು ಕಪಾಡಿಯಾ ಅವರೊಂದಿಗೆ ಬರೆದ ಗ್ರಂಥ 1966ರಲ್ಲಿ ಬಂತು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು ಸಿಸಿಲ್ ಸಲ್ಡಾನಾ ಅವರು ಡಾನ್ ನಿಕೋಲ್ಸನ್ ಅವರ ಜೊತೆಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ಹೊರತಂದರು. 1984ರಿಂದ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳನ್ನು ಪ್ರಕಟಿಸಿದರು. ಇವರೂ ಗಿಡ ಕಿತ್ತರು, ಒಣಗಿಸಿದರು, ಹಾಳೆಗೆ ಅಂಟಿಸಿದರು.

ವ್ಯತ್ಯಾಸ ಎಲ್ಲಿದೆ? ಒಣಗಿಸಿದ ಗಿಡದ ಹಾಳೆಯ ಮೇಲೆ ಸಂಗ್ರಹಿಸಿದವರ ಹೆಸರು, ಸಿಕ್ಕಿದ ಊರು, ದಿನಾಂಕ ಇರುತ್ತವೆ. ಆದರೆ ಆ ಹಾಳೆ ಅವರ ಸ್ವಂತ ಸೊತ್ತಲ್ಲ. ಅದು ಸಸ್ಯಾಗಾರದ ಕಪಾಟಿನಲ್ಲಿದ್ದು, ಕಲಿಯಬಂದ ಎಲ್ಲರಿಗೂ ಸೇರುತ್ತದೆ. ಒಂದು ಜಾತಿ ಎಲ್ಲಿತ್ತು, ಎಲ್ಲಿ ಇಲ್ಲವಾಯಿತು ಎಂದು ತಿಳಿಯಲು ಇಂದು ಅಂಥ ಹಾಳೆಗಳೇ ಆಧಾರ. ಅವರು ತೆಗೆದುಕೊಂಡದ್ದು ಕೊಡುವುದಕ್ಕಾಗಿ. ನಾವು ಕೊಂಬೆಯಿಂದ ಕೀಳುವುದು ಇಟ್ಟುಕೊಳ್ಳುವುದಕ್ಕಾಗಿ. ಕೈ ಚಾಚುವ ಕ್ರಿಯೆ ಒಂದೇ ರೀತಿ ಕಂಡರೂ ಉದ್ದೇಶ ಬೇರೆ, ಫಲವೂ ಬೇರೆ.

ಕೊಡುವವರ ಒಡೆತನ

ಒಡೆತನವೇ ಕೆಟ್ಟದ್ದೆಂದು ನಮ್ಮ ಧರ್ಮಸಭೆ ಎಂದೂ ಹೇಳಿಲ್ಲ. ನಮಗಿರುವುದೆಲ್ಲ ಮೊದಲು ಕೊಡುಗೆಯಾಗಿ ಬಂದದ್ದು, ಅದರ ಮೇಲೆ ಇತರರಿಗೂ ಹಕ್ಕಿದೆ ಎಂದು ಮಾತ್ರ ಹೇಳುತ್ತ ಬಂದಿದೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಪ್ರತಿ ಜೀವಿಗೂ ನಮಗೆ ಆಗುವ ಉಪಯೋಗವನ್ನು ಮೀರಿದ ತನ್ನದೇ ಬೆಲೆಯಿದೆ ಎಂದು ತಿಳಿಸಿದರು. ಹತ್ತನೆಯ ಕಟ್ಟಳೆ ನೆರೆಯವರ ಸೊತ್ತಿಗೆ ಆಸೆಪಡಬಾರದೆನ್ನುತ್ತದೆ. ಕಾಡಿನ ಆರ್ಕಿಡ್ ಯಾರ ಸೊತ್ತು? ನಮ್ಮ ಮೊಮ್ಮಕ್ಕಳದು ಎಂದುಕೊಂಡರೆ, ಅವರೂ ನಮ್ಮ ನೆರೆಯವರೇ. ಇನ್ನೂ ಹುಟ್ಟಿಲ್ಲದ್ದರಿಂದ ಬೇಡವೆನ್ನಲು ಬಾರದ ನೆರೆಯವರು.

ಹಾಗಾದರೆ ಹೂವನ್ನು ಪ್ರೀತಿಸುವವರು ಏನು ಮಾಡಬೇಕು? ದಾರಿ ಕಷ್ಟದ್ದೇನಲ್ಲ. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಎಂಬ ವಿಜ್ಞಾನಿ, ಶಿಲೀಂಧ್ರದ ನೆರವಿಲ್ಲದೆಯೇ ಸಕ್ಕರೆ ಬೆರೆಸಿದ ಅಗಾರ್ ಲೋಳೆಯ ಮೇಲೆ, ಗಾಜಿನ ಪಾತ್ರೆಯೊಳಗೆ ಆರ್ಕಿಡ್ ಬೀಜ ಮೊಳೆಯಿಸುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಒಂದೇ ಕಾಯಿಯಿಂದ ಸಾವಿರಾರು ಸಸಿ ಮಾಡುವುದು ಸಾಧ್ಯವಾಗಿದೆ. ಮಿಶ್ರತಳಿಗಳಷ್ಟೇ ಅಲ್ಲ, ಎಷ್ಟೋ ಮೂಲ ಜಾತಿಗಳೂ ಹೀಗೆ ಬೆಳೆದು ನರ್ಸರಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಒಂದು ಮಾತು ಕೇಳಿ: "ಇದು ಪ್ರಯೋಗಾಲಯದ ಸಸಿಯೇ, ಕಾಡಿನದೇ?" ನರ್ಸರಿಯ ಸಸಿಗಳು ಸಾಮಾನ್ಯವಾಗಿ ಒಂದೇ ಗಾತ್ರದವು, ಶುಚಿಯಾದ ಎಲೆಯವು. ತೊಗಟೆಯ ಚೂರು ಅಂಟಿದ, ಬೇರು ಹರಿದ, ಪಾಚಿ ಹಿಡಿದ ಗಿಡ ಕಂಡರೆ ಅನುಮಾನಿಸಿ. ಉತ್ತರ ತೃಪ್ತಿಯಾಗದಿದ್ದರೆ ಕೊಳ್ಳದೆ ಬನ್ನಿ. ನಮ್ಮ ಪಾಲಿನ ಬೇಡಿಕೆ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಎರಡನೆಯದಾಗಿ, ಇದ್ದದ್ದನ್ನು ಹಂಚಿ. ಡೆಂಡ್ರೋಬಿಯಂನಂಥ ಗಿಡ ದೊಡ್ಡ ಬುಡವಾದ ಮೇಲೆ ಮೂರು ನಾಲ್ಕು ಕಾಂಡಗಳ ಒಂದೊಂದು ಭಾಗವಾಗಿ ಬಿಡಿಸಬಹುದು. "ಒಂದು ಮರಿ ಕೊಡಿ ಮಾರಾಯ್ರೇ" ಎಂದು ಕೇಳಿಕೊಂಡು ಬರುವ ನೆರೆಮನೆಯವರು ನಮ್ಮ 1 ಊರಿನಲ್ಲಿ ಇನ್ನೂ ಇದ್ದಾರೆ. ಕೆಲವರು ಕೊಡಲು ಹಿಂಜರಿಯುತ್ತಾರೆ. ತಮ್ಮಲ್ಲಿರುವುದು ಇನ್ನೊಬ್ಬರಲ್ಲೂ ಇದ್ದರೆ ಅದರ ಬೆಲೆ ಹೋಯಿತೆಂದು ಭಾವಿಸುತ್ತಾರೆ. ಆದರೆ ಅನುಭವಸ್ಥ ಬೆಳೆಗಾರರಿಗೆ ಗೊತ್ತು: ಜಡಿಮಳೆಯ ಜುಲೈಯಲ್ಲಿ ಬುಡ ಕೊಳೆತು ನಮ್ಮ ಗಿಡ ಹೋದರೂ, ಕೊಟ್ಟ ಮರಿ ಇನ್ನೊಂದು ಮನೆಯಲ್ಲಿ ಬದುಕಿರುತ್ತದೆ. ಬಚ್ಚಿಟ್ಟದ್ದು ನಮ್ಮೊಡನೆಯೇ ಹೋಗುತ್ತದೆ, ಕೊಟ್ಟದ್ದು ಉಳಿಯುತ್ತದೆ.

ಮೂರನೆಯದಾಗಿ, ಮಕ್ಕಳನ್ನು ಹೂವಿನ ಬಳಿಗೆ ಕರೆದೊಯ್ಯಿರಿ. ಮುಂಗಾರಿನ ಮುಂಚೂಣಿಯಲ್ಲಿ, ಮೇ ಜೂನ್ ತಿಂಗಳಲ್ಲಿ, ಮಲೆನಾಡಿನ ಹಳೆಯ ಮರಗಳ ಮೇಲೆ ಸೀತಾಳೆದಂಡೆ ಅರಳುತ್ತದೆ. ಮರದ ಕೆಳಗೆ ನಿಂತು ತಲೆಯೆತ್ತಿ ತೋರಿಸಿ. ಎಷ್ಟು ದಂಡೆಗಳಿವೆ ಎಂದು ಎಣಿಸಲಿ. ಮುಂದಿನ ವರ್ಷ ಬಂದು ಮತ್ತೆ ಎಣಿಸಲಿ. ಆ ಮರ ಆಗ ಅವರಿಗೂ ಪರಿಚಿತವಾಗುತ್ತದೆ. ಅಡವಿಯ ಹೂಗಳ ಬಗ್ಗೆ ಮಾತನಾಡಿದಾಗ ಯೇಸುಸ್ವಾಮಿ ಜನರಿಗೆ ಹೇಳಿದ್ದು ಅವುಗಳನ್ನು ಗಮನವಿಟ್ಟು ನೋಡಲು. ಕಿತ್ತು ತರಲು ಹೇಳಲಿಲ್ಲ.

ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಕರಾವಳಿಯ ನಮ್ಮ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಕೊಂಡು ಬಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಅಂಗಳದ ದಾಸವಾಳ, ಬೇಲಿಯ ಹೂ, ಗದ್ದೆ ಬದುವಿನ ಹೂ, ಯಾವುದಾದರೂ ಆಗುತ್ತದೆ. ಅಪರೂಪದ್ದೇ ಆಗಬೇಕೆಂದು ಯಾರೂ ಕೇಳುವುದಿಲ್ಲ. ಮನೆಗೆ ಮರಳುವಾಗ ಅವರ ಬುಟ್ಟಿ ಖಾಲಿಯಾಗಿರುತ್ತದೆ, ಮುಖ ಮಾತ್ರ ಅರಳಿರುತ್ತದೆ. ಹೂವಿನಿಂದ ಸಿಗುವ ಸಂತೋಷಕ್ಕೆ ಅದು ಕೈಯಲ್ಲೇ ಉಳಿಯಬೇಕೆಂಬ ನಿಯಮವಿಲ್ಲವೆಂದು ಆ ಮಕ್ಕಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಮುಂದಿನ ಸಲ ಘಟ್ಟದ ದಾರಿಯಲ್ಲಿ ಒಂದು ಸುಂದರ ಗಿಡ ಕಣ್ಣಿಗೆ ಬಿದ್ದು ಮನಸ್ಸು ಆಸೆಪಟ್ಟರೆ, ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ಇಲ್ಲಿಯೇ ಇದ್ದರೆ ಯಾರಿಗೆ ನಷ್ಟ? ನಾನು ಒಯ್ದರೆ ಯಾರಿಗೆ ನಷ್ಟ? ಇದೇ ಹೂವನ್ನು ಪಡೆಯಲು ನ್ಯಾಯವಾದ, ತುಸು ನಿಧಾನದ ದಾರಿ ನನಗಿದೆಯೇ? ಈ ಮೂರಕ್ಕೂ ಪ್ರಾಮಾಣಿಕ ಉತ್ತರ ಸಿಕ್ಕಿದ ಮೇಲೆ ಹೆಚ್ಚಿನ ಸಂದರ್ಭಗಳಲ್ಲಿ ಮಾಡಬೇಕಾದದ್ದು ಇಷ್ಟೇ: ಕಾರು ನಿಲ್ಲಿಸಿ, ಇಳಿದು, ಕಣ್ತುಂಬ ನೋಡಿ, ಕೊಟ್ಟವನಿಗೆ ಮನಸ್ಸಿನಲ್ಲೇ ವಂದಿಸಿ, ಮುಂದೆ ಹೋಗುವುದು. ನಮ್ಮ ಹಿಂದೆ ಬರುವವರಿಗೂ ಆ ಹೂವು ಅಲ್ಲೇ ಸಿಗಲಿ.